ಅತ್ತೆಗೆ ಎತ್ತಿದ ಕೆಂಪು ರಟ್ಟು

ಶನಿವಾರ, ಮಾರ್ಚ್ ೯

ಮಹಾಮಹಿಮ ದಿನಚರಿಯ ಪಾದಾರವಿಂದಗಳಿಗೆ ನಮ್ಮ ಹಜಾರದ ಮುಖ್ಯ ತೀರ್ಪುಗಾರನ ಅನಂತ ವಂದನೆಗಳು.

ನಡಿಗೆ ಸ್ಪರ್ಧೆಯಲ್ಲಿ ಎರಡೂ ಕಾಲು ಒಟ್ಟಿಗೆ ನೆಲ ಬಿಡಬಾರದು. ಬಿಟ್ಟಳೆಂದು ಕೆಂಪು ರಟ್ಟು ತೋರಿಸಿ ಅತ್ತೆಯನ್ನು ಅವಳ ಕೊನೆಯ ಸ್ಪರ್ಧೆಯಿಂದ ಹೊರಗೆ ಕಳಿಸಿದ್ದರು. ತೀರ್ಪುಗಾರ ಕುರುಡನೆಂದು ಹನ್ನೆರಡು ವರ್ಷದಿಂದ ಬೈಯುತ್ತಾಳೆ. ಇಂದು ಸಂಜೆ ಅವಳು ಒಗೆದ ಬಟ್ಟೆ ಹೊತ್ತು ಹಜಾರ ದಾಟುತ್ತಿದ್ದಾಗ ನಾನು ಗಂಭೀರವಾಗಿ ಕೆಂಪು ರಟ್ಟು ಎತ್ತಿದೆ. ಅತ್ತೆ ಬೈಯಲಿಲ್ಲ. ಪಕ್ಕಕ್ಕೆ ಸರಿದು ನಿಂತಳು.

"ನಿಜ ಹೇಳೋ, ಎರಡೂ ಕಾಲು ಎದ್ದಿತ್ತಾ?"

"ಎದ್ದಿತ್ತು ಅತ್ತೆ. ಒಂದು ಗೇಣು."

"ಹಾಗಾದ್ರೆ ಅವತ್ತೂ ಎದ್ದಿರ್ಬೇಕು ಕಣೋ. ಆ ಪುಣ್ಯಾತ್ಮನ್ನ ಸುಮ್ನೆ ಬೈದೆ." ಪಾದ ನೋಡಿಕೊಂಡು ಮೆಲ್ಲಗೆ ನಕ್ಕಳು. "ನಂಗೇ ಗೊತ್ತಾಗದ ಹಾಗೆ ಹಾರಿದ್ದೆ ಅನ್ನು."

ಆಮೇಲೆ ಅವಳು ಮನೆಯೊಳಗೆ ಮೋಡದ ಮೇಲೆ ನಡೆದಂತೆ ಓಡಾಡಿದಳು. ಆ ಕನಸನ್ನು ಹೇಗೆ ಒಡೆಯಲಿ? ರಟ್ಟು ಎತ್ತುವಾಗ ನಗು ತಡೆಯಲು ನಾನು ಚಾವಣಿ ನೋಡುತ್ತಿದ್ದೆ. ಅವಳ ಕಾಲು ನೋಡಿರಲೇ ಇಲ್ಲ.