ಪರದೆ ಎಳೆಯುವವನು

ಮಾರ್ಚ್ 3, ಸೋಮವಾರ. ಮಧ್ಯಾಹ್ನ 2

ಇವತ್ತು ಲಿಸ್ಟಿನಲ್ಲಿ ಐದು ಜನ. ಆಪರೇಷನ್ನಿಗೆ ಮುಂಚೆ ಗಂಡಸರ ಮೈಕೂದಲು ತೆಗೆಯುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷವಾಯಿತು. ಮೂರನೇ ಬೆಡ್ಡಿನವನು ಬ್ಯಾಂಕ್ ಮ್ಯಾನೇಜರಂತೆ. ನಿನ್ನೆ ಸಿಸ್ಟರ್ ಮೇಲೆ ಎಗರಾಡಿದ್ದ. ಪ್ಯಾಂಟು ಬಿಚ್ಚಿಸಿದೆ ನೋಡಿ, ಗಪ್‌ಚಿಪ್. ತೋಯ್ದ ಕೋಳಿ! ಟೀ ರೂಮಿನಲ್ಲಿ ಅದೇ ಹೆಸರಿಟ್ಟೆ. ಲಿಫ್ಟಿನವನು ನಕ್ಕು ನಕ್ಕು ಸುಸ್ತಾದ. ಪೇಷಂಟುಗಳಿಗೆಲ್ಲ ಅಲ್ಲಿ ಹೆಸರಿಡುವವನು ನಾನೇ.

ನಗದವನು ಒಬ್ಬನೇ — ಹೊಸ ಅಟೆಂಡರ್, ಟೆಂಪರರಿ. ನನಗಿಂತ ಎರಡೇ ವರ್ಷ ಚಿಕ್ಕವನು. ಬೆಪ್ಪ ಎಂದು ಕರೆಯುತ್ತೇನೆ. ಪ್ರತಿಯೊಬ್ಬನಿಗೂ ಪರದೆ ಎಳೆಯುತ್ತಾನೆ, ಬೇಕಾದಷ್ಟು ಜಾಗ ಬಿಟ್ಟು ಉಳಿದದ್ದಕ್ಕೆಲ್ಲ ಬೆಡ್‌ಶೀಟು ಹೊದಿಸುತ್ತಾನೆ. ಒಬ್ಬನಿಗೆ ಇಪ್ಪತ್ತು ನಿಮಿಷ! ಅಷ್ಟರಲ್ಲಿ ನಾನು ಮೂರು ಜನರನ್ನು ಮುಗಿಸುತ್ತೇನೆ. ಬಟ್ಟೆ ಬಿಚ್ಚಿದ ಮೇಲೆ ಎಲ್ಲ ಒಂದೇ ಸರಕು. ಅದಕ್ಕೇನು ಮಾನ, ಮರ್ಯಾದೆ.

ಮಾರ್ಚ್ 9, ಭಾನುವಾರ

ವಾರ್ಡಿಗೆ ಆಕ್ಸಿಜನ್ ಸಿಲಿಂಡರ್ ತಳ್ಳುವಾಗ ತೊಡೆಸಂದಿನಲ್ಲಿ ಮತ್ತೆ ಆ ಗಂಟು. ನಿಂಬೆಹಣ್ಣಿನಷ್ಟಿದೆ. ಕೆಮ್ಮಿದರೆ ಹೊರಗೆ, ಮಲಗಿದರೆ ಒಳಗೆ. ಹರ್ನಿಯಾ. ಇದನ್ನು ಹೇಳಲು ಡಾಕ್ಟರ್ ಯಾಕೆ?

ಯಾರಿಗೂ ಹೇಳಿಲ್ಲ. ಹೇಳಿದರೆ ನಮ್ಮದೇ ವಾರ್ಡು, ನಮ್ಮದೇ ಲಿಸ್ಟು... ಟೀ ರೂಮಿನಲ್ಲಿ ನನಗೂ ಒಂದು ಹೆಸರು. ಥೂ.

ಏಪ್ರಿಲ್ 21, ಸೋಮವಾರ

ಬಚ್ಚಲಿನಲ್ಲಿ ನೋವಿಗೆ ಹಲ್ಲುಕಚ್ಚಿ ಕೂತಿದ್ದನ್ನು ಹೆಂಡತಿ ನೋಡಿಬಿಟ್ಟಳು. ಡಾಕ್ಟರಿಗೆ ತೋರಿಸಲು ನಾಚಿಕೆಯಾಗುತ್ತೆ ಎಂದೆ. ಅಂದಳು: "ಊರವರ ಮಾನನೆಲ್ಲ ಟೀ ಜೊತೆ ಕುಡಿದೋರಿಗೆ ಈಗ ನಾಚಿಕೆನಾ?" ತಾನೇ ಹೋಗಿ ಸರ್ಜನ್ ಹತ್ತಿರ ಮಾತಾಡಿ ಬಂದಿದ್ದಾಳೆ. ಗುರುವಾರ ಆಪರೇಷನ್.

ಏಪ್ರಿಲ್ 24, ಗುರುವಾರ. ಬೆಳಿಗ್ಗೆ 6

ಮನೆಯಲ್ಲೇ ನಾನೇ ಶೇವ್ ಮಾಡಿಕೊಂಡೆ. ಆ ಬೆಪ್ಪನ ಕೈಗೆ ಮೈ ಕೊಡುವುದೇ? ಹೊಟ್ಟೆ ಅಡ್ಡ ಬಂತು. ಬಗ್ಗಿದರೆ ಗಂಟು. ಎರಡು ಕಡೆ ಗೀರಿತು. ಪರವಾಗಿಲ್ಲ.

ಮಧ್ಯಾಹ್ನ 12

ಆಪರೇಷನ್ ಇಲ್ಲ.

ಮೂರನೇ ಬೆಡ್ಡೇ ಸಿಕ್ಕಿತು. ಅಡ್ಡ ಬರುತ್ತದೆಂದು ಅದರ ಪರದೆಯನ್ನು ಕಂಬಿಗೆ ಗಂಟು ಹಾಕಿದ್ದವನು ನಾನೇ. ಸರ್ಜನ್ ಬಂದವರೇ ಬೆಡ್‌ಶೀಟು ಎತ್ತಿದರು. ಇಡೀ ವಾರ್ಡು ನೋಡಿತು. ಲಿಫ್ಟಿನವನೂ.

"ಯಾರ್ರೀ ಶೇವ್ ಮಾಡಿದ್ದು? ಈ ಗೀರಿನ ಮೇಲೆ ಆಪರೇಷನ್ ಮಾಡಿದ್ರೆ ಕೀವಾಗಲ್ವಾ?"

ಬಾಯಿ ಬಿಡಲಿಲ್ಲ ನಾನು. ಚಾವಣಿ ನೋಡುತ್ತಾ ಮಲಗಿದ್ದೆ. ಡ್ಯೂಟಿಯಲ್ಲಿದ್ದವನು ಬೆಪ್ಪ.

"ನಾನೇ ಸರ್," ಎಂದ.

ಎಂಥಾ ಮುಠ್ಠಾಳ!

ಮೇ 5, ಸೋಮವಾರ. ಬೆಳಿಗ್ಗೆ 7

ಆ ಗೀರಿಗಾಗಿ ಬೆಪ್ಪನನ್ನು ಕೆಲಸದಿಂದ ತೆಗೆಯುತ್ತಾರಂತೆ. ಇವತ್ತು ಸಂಜೆ ಆರ್ಡರ್. ಹೇಳಿದವನು ಲಿಫ್ಟಿನವನು, ನಗುತ್ತಾ.

ಗೀರು ಮಾಯ್ದು ಇವತ್ತು ಮತ್ತೆ ಅದೇ ಬೆಡ್ಡು, ಅದೇ ಆಪರೇಷನ್. ಶೇವಿಂಗಿಗೆ ಬೇರೆಯವನನ್ನು ಕಳಿಸುತ್ತೇನೆಂದರು ಸಿಸ್ಟರ್. ಅವನೇ ಬರಲಿ ಎಂದೆ. ಬಂದ. ಮೊದಲು ಪರದೆಯ ಗಂಟು ಬಿಚ್ಚಿದ. ಬಿಗಿಯಾಗಿತ್ತು, ಹಲ್ಲು ಹಾಕಬೇಕಾಯಿತು. ಪರದೆ ಎಳೆದ, ಬೆಡ್‌ಶೀಟು ಹೊದಿಸಿದ. ಇಪ್ಪತ್ತು ನಿಮಿಷ. ಒಂದು ಗೀರಿಲ್ಲ.

ಅವತ್ತು ಯಾಕೆ ಒಪ್ಪಿಕೊಂಡೆ ಎಂದು ಕೇಳಿದೆ. ರೇಜರ್ ತೊಳೆಯುತ್ತಾ ಹೇಳಿದ:

"ಎಲ್ರೆದುರು ಹಾಗೆ ಮಲಗಿದ್ರಲ್ಲ ಅಣ್ಣ... ಅದರ ಮೇಲೆ ಇದೂ ಯಾಕೆ ಅಂತ."

ಅಳು ಬಂತು. ಸೊಂಟದ ಕೆಳಗೆ ಬಟ್ಟೆಯಿಲ್ಲದೆ, ಐವತ್ತು ವರ್ಷದ ಕತ್ತೆ, ಬಿಕ್ಕಿ ಬಿಕ್ಕಿ ಅತ್ತೆ. ಅವನು ಪರದೆಯ ಆಚೆ ಹೋಗಿ ನಿಂತ. ಯಾರನ್ನೂ ಒಳಗೆ ಬಿಡಲಿಲ್ಲ.

ಆಪರೇಷನ್ ಥಿಯೇಟರಿಗೆ ಕರೆಯುವ ಮುಂಚೆ ಸೂಪರಿಂಟೆಂಡೆಂಟರಿಗೆ ಚೀಟಿ ಬರೆಯಬೇಕು. ಇಲ್ಲೇ ಬರೆದು ಹಾಳೆ ಹರಿದುಕೊಡುತ್ತೇನೆ. ಅವನ ಕೈಗೆ ಕೊಟ್ಟರೆ ಒಯ್ಯುವುದಿಲ್ಲ. ಹೆಂಡತಿ ಕೈಗೆ ಕೊಡುವೆ.

ಮಾನ್ಯರೇ, ಬ್ಲೇಡು ಸರಿಯಿಲ್ಲದ ಕಾರಣ —

ಸುಳ್ಳು. ಹೊಡೆದುಹಾಕಿದೆ. ಸ್ಟ್ರೆಚರ್ ಸದ್ದು ಕೇಳುತ್ತಿದೆ.

ಮಾನ್ಯರೇ, ಗೀರಿಕೊಂಡವನು ನಾನು. ಅವನು ತಪ್ಪು ತನ್ನ ಮೇಲೆ ಹಾಕಿಕೊಂಡಾಗ ನಾನು ಬಾಯಿ ಮುಚ್ಚಿಕೊಂಡು ಮಲಗಿದ್ದೆ. ಯಾಕೆಂದರೆ ನನಗೆ ನಾಚಿಕೆ —