ಗೆರೆಯ ಮೇಲಿನ ಸಹಿ

ಸಂತೇಬೆನ್ನೂರು
3-12-2024, ಮಂಗಳವಾರ

ಹೊನ್ನಾಳಿಯಲ್ಲಿ ನನ್ನ ಪಕ್ಕದ ಯಂತ್ರ ತುಳಿದ ನನ್ನ ಶಾಂತಲಾ,

ನೀನೂ ನಿನ್ನ ಮಗುವೂ ಜಗಳೂರಿನಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡೇ ಶುರು ಮಾಡುತ್ತೇನೆ. ಒಂಬತ್ತು ಸಲ ಫೋನ್ ಮಾಡಿದೆ. ಮೊದಲನೇ ಸಲ ಎತ್ತಿದವಳು, ಹಾಜರಿ ಪುಸ್ತಕದ ಮಾತು ತೆಗೆಯುತ್ತಲೇ, "ಮದೀ, ನನ್ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ ಕಣೆ" ಎಂದು ಇಟ್ಟುಬಿಟ್ಟೆ. ಆಮೇಲೆ ಎತ್ತಲೇ ಇಲ್ಲ. ಇರಲಿ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಭಾಷಣ ಮಾಡುತ್ತೇನೆ. ಕಾಗದದಲ್ಲಿ ನಿಧಾನವಾಗಿ ಹೇಳಬಹುದು. ಪೂರ್ತಿ ಓದು. ಅರ್ಧಕ್ಕೆ ಮಡಚಿ ಮಗುವಿನ ಬಟ್ಟೆಯ ಕೆಳಗೆ ಇಡಬೇಡ.

ನನ್ನ ಅರ್ಜಿ ತಿರಸ್ಕಾರವಾಗಿದೆ. ಸ್ವಂತ ಉದ್ಯೋಗಕ್ಕೆಂದು ಕೊಡುವ ಸಹಾಯಧನಕ್ಕೆ ಹಾಕಿದ್ದೆ. ಕೇಳಿದ್ದು ಒಂದು ಮೋಟಾರಿನ ಹೊಲಿಗೆ ಯಂತ್ರ, ಬಟ್ಟೆಯ ಅಂಚು ಹೊಲಿಯುವ ಒಂದು ಓವರ್‌ಲಾಕ್, ಅಷ್ಟೆ. ಬಂದ ಪತ್ರದಲ್ಲಿ ಹೀಗಿದೆ: "ಅರ್ಜಿದಾರರು ಪ್ರಸ್ತುತ ಶಿಷ್ಯವೇತನ ಸಹಿತ ಹೊಲಿಗೆ ತರಬೇತಿಯಲ್ಲಿರುವುದು ದಾಖಲೆಗಳಿಂದ ಕಂಡುಬಂದಿರುವುದರಿಂದ ಸಹಾಯಧನಕ್ಕೆ ಅರ್ಹರಾಗಿರುವುದಿಲ್ಲ." ಪ್ರಸ್ತುತವಂತೆ! ನಮ್ಮ ಕೇಂದ್ರಕ್ಕೆ ಬೀಗ ಬಿದ್ದು ಒಂದೂಮುಕ್ಕಾಲು ವರ್ಷವಾಯಿತು. ಇಲ್ಲಿ ನಾನು ಅಬ್ಬಾನನ್ನು ಎತ್ತಿ ಕೂರಿಸುತ್ತಿರುವಾಗ, ಅವರ ಕಂಪ್ಯೂಟರಿನೊಳಗೆ ಇನ್ನೊಬ್ಬ ಮದೀಹಾ ಹೊನ್ನಾಳಿಯಲ್ಲಿ ಕೂತು ಅಂಗಿಗೆ ಕಾಜಾ ಹಾಕುವುದನ್ನು ಕಲಿಯುತ್ತಲೇ ಇದ್ದಾಳೆ. ಮೇಲ್ಮನವಿ ಕೊಡಲು ಮೂವತ್ತು ದಿನ. ಬರುವ ಸೋಮವಾರ, ಒಂಬತ್ತನೇ ತಾರೀಖು, ಕೊನೆಯ ದಿನ.

ಆ ಯಂತ್ರ ನನಗೆ ಯಾಕೆ ಬೇಕು ಎಂದು ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ನೀನು ನೋಡಿದ್ದ ಅಬ್ಬಾ ಈಗಿಲ್ಲ. ಸಂತೆಯಲ್ಲಿ ಕೂತು ಊರಿನ ಬೀಗಕ್ಕೆಲ್ಲ ಕೀಲಿಕೈ ಮಾಡಿಕೊಡುತ್ತಿದ್ದ ಚಾಂದ್ ಸಾಬರ ಬಲಗೈ, ಲಕ್ವ ಹೊಡೆದಂದಿನಿಂದ ಹಾಗೇ ಜೋತುಬಿದ್ದಿದೆ. ಹೋದ ವಾರ ಯಾರೋ ಒಂದು ಹಳೆಯ ಬೀಗ ತಂದರು. ನಾನೇ ಅರ ಹಿಡಿದು ಕೂತೆ. ಅಬ್ಬಾ ಮಲಗಿದ್ದಲ್ಲಿಂದಲೇ ನೋಡಿ, ತೊದಲುತ್ತ, "ಅರ ನೇರ ಹಿಡಿ. ನೀನು ಬೀಗದ ಜತೀಗೂ ವಾದ ಮಾಡಾಕೆ ಹೋಗ್ತೀಯ" ಎಂದು ಬಯ್ದರು. ಎರಡು ವರ್ಷದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ನೀರು ಕುಡಿಸುವಾಗ ಕತ್ತು ಹಿಡಿದುಕೊಳ್ಳದಿದ್ದರೆ ನೆತ್ತಿಗೇರುತ್ತದೆ. ಅವರನ್ನು ಬಿಟ್ಟು ನಾನು ಎಲ್ಲಿಗೂ ಕೆಲಸಕ್ಕೆ ಹೋಗುವಂತಿಲ್ಲ. ಅಮ್ಮಿ ಬೆಳಗಿನ ಆರಕ್ಕೆ ಅಡಿಕೆ ಸುಲಿಯುವ ಶೆಡ್ಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅವಳ ಎಡ ಹೆಬ್ಬೆರಳು ಸೀಳಿದೆ, ಬಟ್ಟೆ ಸುತ್ತಿಕೊಂಡೇ ಸುಲಿಯುತ್ತಾಳೆ. ಯಂತ್ರ ಬಂದರೆ ಅಬ್ಬಾನ ಮಂಚದ ಪಕ್ಕದಲ್ಲೇ ನನ್ನ ಕೆಲಸ. ಬರದಿದ್ದರೆ ಈ ಹತ್ತಡಿ ಕೋಣೆಯಲ್ಲಿ ನಾನು, ಅಬ್ಬಾ, ಒಂದು ಚೀಲದ ತುಂಬ ನನ್ನ ಕರಪತ್ರಗಳು. ಹಕ್ಕುಗಳ ಬಗ್ಗೆ ಅಷ್ಟೆಲ್ಲ ಓದಿದವಳಿಗೆ ಬಾಗಿಲ ಹೊಸಿಲು ದಾಟಲು ಅಮ್ಮಿಯ ಒಂದು ದಿನದ ಕೂಲಿ ಬಿಡಿಸಬೇಕು.

ಹೋದ ಬುಧವಾರ ಬಿಡಿಸಿದೆ. ಚನ್ನಗಿರಿಯ ಕಚೇರಿಯಲ್ಲಿ, ತರಬೇತಿ ಬಿಟ್ಟಿದ್ದಕ್ಕೆ ಕೇಂದ್ರದಿಂದ ಪತ್ರ ತಾ ಎಂದರು. ಹೊನ್ನಾಳಿಗೆ ಹೋದರೆ ನಮ್ಮ ಕೇಂದ್ರವಿದ್ದ ಕಟ್ಟಡದಲ್ಲಿ ಈಗ ಗೊಬ್ಬರದ ಮೂಟೆಗಳು. ಕಾಗದಪತ್ರವೆಲ್ಲ ನ್ಯಾಮತಿಯಲ್ಲಿದೆ ಎಂದರು. ಅಲ್ಲಿ ಒಂದು ಕೋಣೆ, ಒಂದು ಕಬ್ಬಿಣದ ಬೀರು, ಅದನ್ನು ಕಾಯಲು ತಿಪ್ಪೇಶಪ್ಪ ಎಂಬ ಗುಮಾಸ್ತರು. ಕೆಟ್ಟ ಮನುಷ್ಯರಲ್ಲ. ಕೂರಲು ಹೇಳಿ ಚಹಾ ತರಿಸಿದರು. ನಮ್ಮ ತಂಡದ ಹಾಜರಿ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು.

"ನೋಡವ್ವ, ಇಪ್ಪತ್ತೆರಡನೇ ಇಸ್ವಿ ಡಿಸೆಂಬರ್ ಕೊನೇ ದಿನದ ತನಕ ನೀನು ಇದ್ದೀಯ ಅಂತ ಐತೆ. ಪರೀಕ್ಷೆಗೆ ಕೂತಿಲ್ಲ. ಪಾಸಾಗಿದ್ರೆ ಮುಗಿಸಿದ್ಲು ಅಂತ ಬರೀಬೌದು. ಬಿಟ್ಟೋಗಿದ್ರೆ ಬಿಟ್ಲು ಅಂತ ಬರೀಬೌದು. ನೀನು ಎರಡೂ ಅಲ್ಲ. ದಿನಾ ಸಹಿ ಹಾಕಿರೋಳನ್ನ ಹೋದ್ಲು ಅಂತ ನಾನು ಹೆಂಗೆ ಬರೀಲಿ?"

ಆ ವರ್ಷದ ಅಕ್ಟೋಬರ್ ಹದಿನಾಲ್ಕರಂದು ಅಬ್ಬಾ ಲಕ್ವ ಹೊಡೆದು ಬಿದ್ದರು, ನಾನು ಅವತ್ತೇ ಊರಿಗೆ ಓಡಿಬಂದೆ, ಮತ್ತೆ ಹೋಗಲಿಲ್ಲ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಹಂಗಂತ ಬರದ್ಕೊಡು. ಆಮ್ಯಾಕೆ ಈ ಸಹಿಗಳು ಯಾರ್ದು ಅಂತ ಕೇಳ್ತಾರೆ. ಅದಕ್ಕೂ ಉತ್ತರ ಇಟ್ಕಂಡಿರು" ಎಂದರು.

ಉತ್ತರ ಆ ಪುಟದಲ್ಲೇ ಇತ್ತು. ನನ್ನ ಸಹಿ ಯಾವತ್ತೂ ಗೆರೆಯಿಂದ ಕೆಳಗೆ ಜಾರುತ್ತದೆ, ಬಸ್ಸಿನಲ್ಲಿ ಕೂತು ಬರೆದಂತಿದೆ ಎಂದು ನೀನೇ ನಗುತ್ತಿದ್ದೆಯಲ್ಲ. ಹದಿನಾಲ್ಕರವರೆಗೆ ಹಾಗೇ ಜಾರಿದೆ. ಹದಿನೈದರಿಂದ ಮದೀಹಾ ಎಂಬ ಹೆಸರು ಗೆರೆಯ ಮೇಲೆ ನೇರವಾಗಿ, ಕಾಲರಿನ ಹೊಲಿಗೆಯಷ್ಟು ಬಿಗಿಯಾಗಿ ನಿಂತಿದೆ. ಎರಡೂವರೆ ತಿಂಗಳು, ಒಂದು ದಿನವೂ ತಪ್ಪಿಲ್ಲ. ನಿನ್ನ ಕೈ ನನಗೆ ತಿಳಿಯದೆ? ಅದನ್ನು ನೋಡಿದಾಗಲೇ ಶಾಂತಲಾ, ನನಗೆ ಗೊತ್ತಾಗಿದ್ದು. ಆ ಎರಡು ತಿಂಗಳ ಶಿಷ್ಯವೇತನವೂ ನನ್ನ ಖಾತೆಗೇ ಬಂದಿದೆಯಂತೆ. ಆಸ್ಪತ್ರೆಯ ಗದ್ದಲದಲ್ಲಿ ಯಾವುದು ಬಂತು, ಯಾವುದು ಹೋಯಿತು, ಯಾರಿಗೆ ನೆನಪು? ತಿಪ್ಪೇಶಪ್ಪನವರು ಆಕಳಿಸುವಾಗ ಆ ಪುಟದ ಫೋಟೊ ತೆಗೆದುಕೊಂಡೆ.

ಐದು ದಿನ ಸತತ ಬರದಿದ್ದರೆ ಹೆಸರು ಹೊಡೆದುಹಾಕುತ್ತಿದ್ದರು. ನಾನು ವಾಪಸು ಬರುವ ತನಕ ನನ್ನ ಜಾಗ ಉಳಿಸಲು ನೀನು ಹೀಗೆ ಮಾಡಿದ್ದೀಯ. ನಿನ್ನ ಮನಸ್ಸು ನನಗೆ ಗೊತ್ತು. ಆದರೆ ಆ ಪ್ರೀತಿ ಈಗ ನನ್ನನ್ನು ತರಬೇತಿಯಲ್ಲೇ ಕೂಡಿಹಾಕಿದೆ.

ಪುಸ್ತಕ ಸರಿಪಡಿಸಲು ಆಗುವುದಿಲ್ಲವೇ ಎಂದು ಕೇಳಿದೆ. ತಿಪ್ಪೇಶಪ್ಪನವರು ಕೈ ಮುಗಿದರು. "ಯಾರೋ ಒಬ್ಳು ಓದ್ಕಂಡಿರೋ ಹುಡುಗಿ, ಸುಳ್ಳು ಹಾಜರಿ ಅಂತ ನಾಲ್ಕು ಕಡೀಗೆ ಅರ್ಜಿ ಗುಜರಾಯಿಸಿ ಬಾಗಿಲು ಹಾಕ್ಸಿದ್ಲು. ಅವತ್ತಿಂದ ತನಿಖೆ ನಡೀತಾನೇ ಐತೆ. ಮುಗಿಯಾ ತನಕ ಈ ಪುಸ್ತಕದಾಗೆ ಒಂದು ಚುಕ್ಕೆ ಇಡಂಗಿಲ್ಲ. ಆಕೆ ಸಿಕ್ರೆ ಕೇಳ್ಬೇಕು ನೋಡು, ಯಾವ ಪುಣ್ಯ ಕಟ್ಕಂಡ್ಯವ್ವ ಅಂತ."

ನಾನು ಚಹಾ ಮುಗಿಸಿ ಲೋಟ ಕೆಳಗಿಟ್ಟೆ. ಆ ಅರ್ಜಿ ನನ್ನದೇ ಎಂದು ನಿನಗೊಬ್ಬಳಿಗೇ ಹೇಳಿದ್ದೆ. ಕೇಂದ್ರದ ಕಾರ್ಯದರ್ಶಿ ತನ್ನ ನೆಂಟರಿಷ್ಟರ ಹನ್ನೊಂದು ಹೆಸರು ಬರೆದುಕೊಂಡು ಅವರ ಶಿಷ್ಯವೇತನ ತಿನ್ನುತ್ತಿದ್ದ. ಅದನ್ನು ಬರೆಯದೆ ಇರಲು ನನಗೆ ಆಗಲಿಲ್ಲ. ಇವತ್ತಿಗೂ ಅದು ಸರಿ ಎಂದೇ ಹೇಳುತ್ತೇನೆ. ಕೆಳಗೆ "ನೊಂದ ಶಿಬಿರಾರ್ಥಿಗಳು" ಎಂದು ಬರೆದಾಗ, ಹೆಸರು ಯಾಕೆ ಹಾಕಲಿಲ್ಲ ಎಂದು ನೀನು ಕೇಳಿದ್ದೆ. ಇದು ಒಬ್ಬಳ ದೂರಲ್ಲ, ಎಲ್ಲರ ದನಿ ಎಂದು ನಾನು ಹೇಳಿದ್ದೆ.

ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ನಮ್ಮ ಅನ್ನಪೂರ್ಣ ಟೀಚರ್ ಅಲ್ಲೇ ನ್ಯಾಮತಿಯಲ್ಲಿ ಸೀರೆಗೆ ಫಾಲ್ಸ್ ಹೊಲಿದುಕೊಂಡಿದ್ದಾರೆ ಎಂದು ಕೇಳಿ ಹೋದೆ. ಹೋಗಬಾರದಿತ್ತು. ಕೇಂದ್ರ ಮುಚ್ಚಿದಾಗ ಕಾರ್ಯದರ್ಶಿಗೆ ಏನೂ ಆಗಲಿಲ್ಲ, ಟೀಚರ್ ಕೆಲಸ ಹೋಯಿತು. "ಬಾರೆ, ಕೂತ್ಕ" ಎಂದರು, ಸೂಜಿಗೆ ದಾರ ಪೋಣಿಸಿಕೊಡಲು ಹೇಳಿದರು. ನಾನು ಪೋಣಿಸುತ್ತಿರುವಾಗ ಮೆಲ್ಲಗೆ, "ನಿನ್ನ ಅರ್ಜೀನ ತನಿಖೆಯೋರು ನನಗೆ ತೋರ್ಸಿದ್ರು ಕಣೆ. ಹೆಸರಿರಲಿಲ್ಲ. ಅಕ್ಷರ ನಿಂದು ಅಂತ ಗೊತ್ತಾತು, ಹೇಳ್ಲಿಲ್ಲ" ಎಂದರು. ನಾನು ದಾರದ ತುದಿಗೆ ಗಂಟು ಹಾಕಿದೆ. "ಶಾಂತಲಾ ದಿನಾ ಎರಡು ಸಹಿ ಹಾಕಾದನ್ನೂ ನೋಡಿದೀನಿ. ಅಪ್ಪ ಬಿದ್ದಾನೆ, ಇವತ್ತಲ್ಲ ನಾಳೆ ಹುಡುಗಿ ಬರ್ತಾಳೆ ಅಂತ ಸುಮ್ನಿದ್ದೆ. ಹನ್ನೊಂದು ಸುಳ್ಳು ಹೆಸರು ಹಿಡಿದೆ ನೀನು. ಒಳ್ಳೇದೇ ಮಾಡ್ದೆ. ಹನ್ನೆರಡನೇದು ನಿಂದು ಕಣವ್ವ."

ನಾಚಿಕೆಯಾಯಿತು. ಆದರೆ ನಾಚಿಕೆಯಾಯಿತೆಂದು ನಿಜವನ್ನು ಬಿಡಲು ಆಗುತ್ತದೆಯೇ? ಈಗ ನಿನ್ನನ್ನು ಕೇಳುವುದಕ್ಕೆ ಬರುತ್ತೇನೆ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಮಗುವನ್ನು ಎತ್ತಿಕೊಂಡು ಚನ್ನಗಿರಿಗೆ ಬಾ. ಆ ಸಹಿಗಳು ನನ್ನವು, ಗೆಳತಿಯ ಕಷ್ಟ ನೋಡಲಾರದೆ ಹಾಕಿದೆ ಎಂದು ಬರೆದುಕೊಡು. ಆಗ ನಾನು ತರಬೇತಿ ಬಿಟ್ಟ ದಿನ ದಾಖಲೆಗೆ ಬರುತ್ತದೆ, ನನ್ನ ಮೇಲ್ಮನವಿ ನಿಲ್ಲುತ್ತದೆ. ನೀನು ಅಲ್ಲಿ ಗುತ್ತಿಗೆಯ ಮೇಲೆ ಹೊಲಿಗೆ ಕಲಿಸುತ್ತಿದ್ದೀಯ, ಜನವರಿಯಲ್ಲಿ ಗುತ್ತಿಗೆ ಹೊಸದಾಗಬೇಕು, ನಿನ್ನ ಪ್ರಮಾಣಪತ್ರ ಅದೇ ಕೇಂದ್ರದ್ದು ಎಂಬುದೆಲ್ಲ ನನಗೆ ಗೊತ್ತು. ನಿನ್ನ ಮನೆಯವರಾದ ವಿನಯ್ ಕುಮಾರ್‌ಗೆ ಈಗ ಕೆಲಸವಿಲ್ಲ ಎಂದೂ ಗೊತ್ತು. ಆದರೆ ನೆನಪಿದೆಯೇ, ಹೊನ್ನಾಳಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಆ ಹಳದಿ ಕರಪತ್ರವನ್ನು ಊಟದ ಹೊತ್ತಿಗೆ ಎಲ್ಲರಿಗೂ ಓದಿ ಹೇಳಿದ್ದೆ. ತಮ್ಮ ಹೆಸರು ಹೇಳಿ ನಿಲ್ಲಲಾರದವರು ಬೇರೆಯವರಿಂದ ಲೆಕ್ಕ ಕೇಳಬಾರದು ಎಂದು ಅದರಲ್ಲಿತ್ತು. ಆಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನೀನು.

ಅಬ್ಬಾ ಎದ್ದಿದ್ದಾರೆ, ನೀರು ಕುಡಿಸಬೇಕು. ಬರುತ್ತೀಯಲ್ಲ?

ನಿನ್ನ ದಾರಿ ಕಾಯುತ್ತಿರುವ,
ಮದೀಹಾ

ಮತ್ತೆ ಬರೆದದ್ದು
ಚನ್ನಗಿರಿ ಅಂಚೆ ಕಚೇರಿ, 5-12-2024, ಗುರುವಾರ

ಸೋಮವಾರ ಬರಬೇಡ. ಈ ಕಾಗದ ಎರಡು ದಿನ ಕರಪತ್ರಗಳ ಚೀಲದಲ್ಲೇ ಇತ್ತು. ಇವತ್ತು ಮೇಲ್ಮನವಿ ಕೊಟ್ಟು ಬಂದು, ಇಲ್ಲಿ ಗೋಂದಿನ ಮೇಜಿನ ಹತ್ತಿರ ನಿಂತು ಬರೆಯುತ್ತಿದ್ದೇನೆ.

ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ನ್ಯಾಮತಿಯಲ್ಲಿ ಪುಸ್ತಕ ನೋಡಿದಾಗ ಗೊತ್ತಾಯಿತು ಎಂದೆನಲ್ಲ, ಅದು. ನವೆಂಬರಿನ ಶಿಷ್ಯವೇತನ ಬಿದ್ದ ಮೆಸೇಜು, ದಾವಣಗೆರೆಯ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಾಗ ನನ್ನ ಫೋನಿಗೇ ಬಂದಿತ್ತು. ಹಾಜರಿಯಿಲ್ಲದೆ ಅದು ಬೀಳುವುದಿಲ್ಲ. ನನಗಾಗಿ ಹಾಜರಿ ಹಾಕುವಷ್ಟು ಜೀವ ಇಟ್ಟುಕೊಂಡವಳು ಆ ಕೇಂದ್ರದಲ್ಲಿ ಒಬ್ಬಳೇ. ಯೋಚಿಸಲು ಅರ್ಧ ನಿಮಿಷ ಹಿಡಿಯಲಿಲ್ಲ. ಎದ್ದು ಹೋಗಿ ಅಬ್ಬಾನ ಮಾತ್ರೆ ತಂದೆ. ಡಿಸೆಂಬರಿನದೂ ಬಂತು. ಆ ದುಡ್ಡಿನಲ್ಲೇ ಕಾರ್ಯದರ್ಶಿಯ ಮೇಲಿನ ಆ ಅರ್ಜಿಯ ಜೆರಾಕ್ಸ್ ಮಾಡಿಸಿ ನಾಲ್ಕು ಕಡೆಗೆ ರಿಜಿಸ್ಟರ್ ಪೋಸ್ಟ್ ಮಾಡಿದೆ. ಅವರದು ಕಳ್ಳತನ, ನಮ್ಮದು ಕಷ್ಟ ಎಂದುಕೊಂಡೆ. ಆದರೂ ಕೆಳಗೆ ಹೆಸರು ಹಾಕಲು ಕೈ ಬರಲಿಲ್ಲ. ಎಲ್ಲರ ದನಿ ಎಂದದ್ದು ನಾನು ಆಮೇಲೆ ಹೊಂದಿಸಿಕೊಂಡ ಮಾತು.

ಮೇಲ್ಮನವಿಯಲ್ಲಿ ಬರೆದಿರುವುದು ಇಷ್ಟೆ. ಅಕ್ಟೋಬರ್ ಹದಿನಾಲ್ಕರ ನಂತರ ನಾನು ತರಬೇತಿಗೆ ಹೋಗಿಲ್ಲ. ಶಿಷ್ಯವೇತನ ತೆಗೆದುಕೊಂಡಿದ್ದೇನೆ. ವಾರಕ್ಕೊಮ್ಮೆ ಕೇಂದ್ರಕ್ಕೆ ಹೋಗಿ, ಟೀಚರಿಗೆ ತಿಳಿಯದಂತೆ, ಆ ಸಹಿಗಳನ್ನೆಲ್ಲ ನಾನೇ ಹಾಕಿದ್ದೇನೆ.

ಮೇಲ್ಮನವಿ ತೆಗೆದುಕೊಂಡ ಮೇಡಂ ಎರಡು ಸಲ ಓದಿದರು. ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ಸುನೀತಾ ಎಂದಿತ್ತು. "ಇದು ಮೇಲ್ಮನವಿನೋ ತಪ್ಪೊಪ್ಪಿಗೆನೋ? ಹಿಂಗೆ ಬರದ್ರೆ ಮಿಷನ್ನೂ ಬರಾಕಿಲ್ಲ, ತಗಂಡಿದ್ದನ್ನ ವಾಪಸ್ ಕಟ್ಟು ಅಂತ ನೋಟೀಸು ಬರ್ತೈತೆ. ಗೊತ್ತೈತಾ?" ಎಂದರು. ಗೊತ್ತು ಎಂದೆ. ಅಮ್ಮಿಗೆ ಇನ್ನೂ ಹೇಳಿಲ್ಲ. ಇವತ್ತೂ ಕೂಲಿ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ, ಯಂತ್ರ ಇಡಲು ಮಂಚವನ್ನು ಗೋಡೆಗೆ ಸರಿಸುತ್ತೇನೆ ಎಂದಿದ್ದಳು.

ಪುಸ್ತಕದ ಜತೆ ಹೋಲಿಸಲು ಬೇಕು ಎಂದು ಸುನೀತಾ ಮೇಡಂ ಒಂದು ಹಾಳೆ ಕೊಟ್ಟು ಮೂರು ಸಹಿ ಹಾಕಿಸಿಕೊಂಡರು. ಹೀಗೆ ಕೇಳಬಹುದೆಂದು ಅನಿಸಿತ್ತು. ಫೋನಿನಲ್ಲಿದ್ದ ಫೋಟೊ ಮುಂದಿಟ್ಟುಕೊಂಡು, ಎರಡು ದಿನ ಕರಪತ್ರಗಳ ಖಾಲಿ ಬೆನ್ನಿನ ಮೇಲೆಲ್ಲ ಅಭ್ಯಾಸ ಮಾಡಿದ್ದೆ. ನೀನು ಹಾಕಿದ ಹಾಗೇ ಹಾಕಿದೆ, ಗೆರೆಯ ಮೇಲೆ, ನೇರವಾಗಿ. ಮೂರೂ ಒಂದೇ ಥರ ಬಂದವು. ಇನ್ನು ಮುಂದೆ ಎಲ್ಲಿ ಬರೆದರೂ ನಾನು ಹಾಗೇ ಬರೆಯಬೇಕು.

ಮೇಲೆ ಈ ಕಾಗದದ ಕೊನೆಗೆ ಜಾರಿಕೊಂಡು ನಿಂತಿದೆಯಲ್ಲ, ಅದು ನನ್ನ ಹಳೆಯ ಸಹಿ. ಓದಿದ ಕೂಡಲೇ ಒಲೆಗೆ ಹಾಕು.