ನನ್ನ ಮಂಡಿ, ನಿನ್ನ ಭಯ

ಪ್ರೀತಿಯ ಗುಬ್ಬಿ,

ನೀನು ಫೋನ್ ಎತ್ತುವುದಿಲ್ಲ. ಮನೆಗೆ ಬಂದರೆ ನಿನ್ನಮ್ಮ ಬಾಗಿಲಲ್ಲೇ, ಮಲಗಿದ್ದಾಳೆ ಎನ್ನುತ್ತಾರೆ. ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಇಷ್ಟು ವರ್ಷ ಜೊತೆಗಾತಿಯಾಗಿದ್ದವಳಿಗೆ ಇನ್ನು ಕಾಗದವೇ ಗತಿ. ಹರಿಯುವುದಾದರೆ ಓದಿ ಹರಿ.

ಮೊನ್ನೆ ನನ್ನ ಧೈರ್ಯವನ್ನು ಅಳೆದರು. ನಗಬೇಡ. ಮಂಡಿಯ ಲಿಗಮೆಂಟ್ ಹರಿದು ಆಪರೇಷನ್ ಆದವರು ಮತ್ತೆ ಪಂದ್ಯಕ್ಕಿಳಿಯಲು ಕಾಲಿನ ಬಲವೊಂದೇ ಸಾಲದಂತೆ, ಮನಸ್ಸೂ ಸಿದ್ಧವಿರಬೇಕಂತೆ. ಒಂಟಿ ಕಾಲಲ್ಲಿ ನೆಗೆಸಿ ನೋಡಿದ ಮೇಲೆ ಫಿಸಿಯೋ ಮೇಡಂ ಎದುರಿಗೆ ಕೂರಿಸಿಕೊಂಡು ಕೇಳುತ್ತಾ ಹೋದರು. ಮತ್ತೆ ಪೆಟ್ಟಾದೀತೆಂಬ ಹೆದರಿಕೆ ಇದೆಯೇ? ಮಂಡಿಯ ಯೋಚನೆಯಿಲ್ಲದೆ ಆಡಬಲ್ಲೆಯಾ? ಒಂದೊಂದಕ್ಕೂ ನೂರರೊಳಗೆ ಅಂಕ. ಶಾಲೆಯಲ್ಲಿ ಕನಸಲ್ಲೂ ಕಾಣದಷ್ಟು ಅಂಕ ಬಂತು. ನಾನು ಸುಳ್ಳು ಹೇಳಲಿಲ್ಲ, ನನಗೆ ನಿಜವಾಗಿಯೂ ಹೆದರಿಕೆಯಿಲ್ಲ.

ಪೆಟ್ಟಾದ ದಿನ ಶಟಲ್ ನಮ್ಮಿಬ್ಬರ ನಡುವೆ ಬಂತು. ನೀನೂ ‘ನಂದು’ ಅಂದೆ, ನಾನೂ ‘ನಂದು’ ಅಂದೆ, ಇಬ್ಬರೂ ಬಿಡಲಿಲ್ಲ. ನೀನು ನನ್ನ ಕಾಲ ಮೇಲೆ ಬಿದ್ದೆ. ಮಂಡಿ ಟಪ್ ಎಂದದ್ದು ನನಗೆ ಕೇಳಿಸಲೇ ಇಲ್ಲ, ಗುಬ್ಬಿ. ಕೇಳಿಸಿದ್ದು ನಿನಗೆ. ಆಸ್ಪತ್ರೆಯಲ್ಲಿ ನರ್ಸ್ ಮಾತ್ರೆಯ ಪಟ್ಟಿಯಿಂದ ಒಂದನ್ನು ಟಪ್ ಎಂದು ಒತ್ತಿ ತೆಗೆದರೆ, ನೀನು ಬೆಚ್ಚಿಬಿದ್ದು ಹೊರಗೆ ಹೋಗಿಬಿಟ್ಟೆ.

ಹೋದ ತಿಂಗಳು ಅಭ್ಯಾಸಕ್ಕೆಂದು ಮತ್ತೆ ಒಟ್ಟಿಗೆ ಅಂಕಣಕ್ಕಿಳಿದಾಗ, ನಡುವೆ ಬಂದ ಶಟಲನ್ನೆಲ್ಲ ನೀನು ನನಗೇ ಬಿಟ್ಟೆ. ನಾನು ಕೂಗದಿದ್ದರೂ ಬಿಟ್ಟೆ. ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿ ನಿಂತೆ. ಕೋಚ್ ಸರ್ ಅದನ್ನು ಸೋಮಾರಿತನ ಅಂದರು. ನೀನು ಬ್ಯಾಗು ಹೆಗಲಿಗೇರಿಸಿದೆ.

“ನಿನ್ನ ಕಾಲೇ ನೋಡ್ತಾ ಇರ್ತೀನಿ ಅಕ್ಕಾ, ಶಟಲ್ ಕಾಣಲ್ಲ” ಅಂದು ಹೋದ ನೀನು ಮತ್ತೆ ಬರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ. ಹೊಲಿಗೆ ಬಿದ್ದವಳನ್ನು ಕೂರಿಸಿ ಕೇಳಿದರು, ಭಯ ಹೊತ್ತುಕೊಂಡು ಹೋದವಳನ್ನು ಯಾರೂ ಕೇಳಲಿಲ್ಲ. ಇದನ್ನೇ ಮೇಡಂಗೆ ಹೇಳಿದೆ. ಅವರು, “ಅವಳನ್ನೂ ಕರ್ಕೊಂಡು ಬಾ” ಎಂದರು.

ಈಗ ನನ್ನ ಜೊತೆ ಹೊಸ ಹುಡುಗಿಯೊಬ್ಬಳು ಆಡುತ್ತಾಳೆ. ಒಳ್ಳೆಯವಳು, ಕೈಯೂ ಚುರುಕು. ಆದರೆ ಬೆನ್ನ ಹಿಂದೆ ಅವಳು ಓಡಿದರೆ ನನಗೆ ಕೇಳುವುದು ನಿನ್ನ ಹೆಜ್ಜೆ. ನೀನು ಎಡಚಿಯಲ್ಲವೇ, ನಿನ್ನ ಕೈ ಬೀಸಲು ಜಾಗ ಬಿಟ್ಟು ನಿಲ್ಲುತ್ತೇನೆ. ಶಟಲ್ ಆ ಖಾಲಿ ಜಾಗಕ್ಕೆ ಬಂದು ಬೀಳುತ್ತದೆ. ಯಾರಿಗೆ ಬಿಡ್ತಿದ್ದೀರಿ ಅಕ್ಕಾ ಎಂದು ಪಾಪದ ಹುಡುಗಿ ಕೇಳಿದಳು. ನಾನು ಶಟಲ್ ಎತ್ತಿಕೊಂಡೆ.

ಶನಿವಾರ ಪಂದ್ಯಕ್ಕೆ ಜೋಡಿಯ ಹೆಸರು ಕೊಡಬೇಕು. ನಿನ್ನ ಹೆಸರೇ ಕೊಡುತ್ತೇನೆ ಎಂದು ಕೋಚ್ ಸರ್ ಹತ್ತಿರ ಜಗಳವಾಡಿ ಬಂದಿದ್ದೇನೆ. ನೀನು ಗೋಡೆಗೆ ಅಂಟಿಕೊಂಡೇ ಆಡಿದರೂ ಪರವಾಗಿಲ್ಲ, ಸೋಲೋಣ. ಆದರೆ ಬಾ. ನಿನ್ನೆ ಒಂದು ಗೇಮ್ ಪೂರ್ತಿ ನಾನು ನಿನ್ನ ಕೈಗೆಂದು ಜಾಗ ಬಿಡಲೇ ಇಲ್ಲ. ನಿನ್ನನ್ನು ಮರೆತೇ ಆಡಿದ್ದೆನೆಂದು ಗೆದ್ದು ಕೈ ಕುಲುಕುವಾಗ ಹೊಳೆಯಿತು. ಆಪರೇಷನ್ ಕೋಣೆಗೆ ಒಯ್ಯುವಾಗಲೂ ನಾನು ಅಷ್ಟು ಹೆದರಿರಲಿಲ್ಲ.

ನಿನ್ನ ಕಿವಿಯಲ್ಲಿ ಕೂತ ಆ ಸದ್ದು ಎದ್ದು ಹೋಗಲಿ, ನಿನಗೆ ಒಳ್ಳೆಯ ನಿದ್ದೆ ಬರಲಿ.

ಹೆತ್ತವರು ಕೊಡದ, ಅಂಕಣ ಕೊಟ್ಟ
ನಿನ್ನ ಅಕ್ಕ